ಸ್ನಾನವಾಗದೆ ಊಟವಿಲ್ಲ

ಮೂವತ್ತೆಂಟು ಜನ ಕನ್ನಡಿಗರನ್ನು ಒಂದು ಬಸ್ಸಿಗೆ ತುಂಬಿ ಹೊತ್ತಿಗೆ ಸರಿಯಾಗಿ ಹೊರಡಿಸುತ್ತೇನೆ ಎಂದು ಎದೆ ತಟ್ಟಿಕೊಳ್ಳುವವರು ಯಾರಾದರೂ ಇದ್ದರೆ ದಯವಿಟ್ಟು ನನ್ನ ಹತ್ತಿರ ಕಳಿಸಿ. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದು ಎನ್ನುತ್ತಾರಲ್ಲ, ಆ ಕಪ್ಪೆಗಳು ಎಷ್ಟೋ ವಾಸಿ. ಅವು ವಾಟ್ಸಾಪಿನಲ್ಲಿ ‘ಆನ್ ದ ವೇ’ ಎಂದು ಬರೆದು ಮನೆಯಲ್ಲಿ ಸ್ನಾನಕ್ಕೆ ಹೋಗುವುದಿಲ್ಲ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಬಿಶಾನ್ ಸ್ಟೇಷನ್ ಎದುರು ಸೇರಬೇಕು ಎಂದು ಗ್ರೂಪಿನಲ್ಲಿ ಮೂರು ಸಲ ಹಾಕಿದ್ದೆ. ಸಿಂಗಪುರದ ನಮ್ಮ ಕನ್ನಡ ಬಳಗದ ವಾರ್ಷಿಕ ಪ್ರವಾಸ. ಈ ಸಲ ಯುದ್ಧದ ಸ್ಮಾರಕಗಳು: ಮೊದಲು ಚಾಂಗಿಯ ಯುದ್ಧಕೈದಿಗಳ ಮ್ಯೂಸಿಯಂ, ಆಮೇಲೆ ದ್ವೀಪದ ಆ ಕೊನೆಯ ಕ್ರಾಂಜಿಯಲ್ಲಿರುವ ಯುದ್ಧಸ್ಮಾರಕ, ಅಲ್ಲೇ ಹತ್ತಿರದ ತೋಟದಲ್ಲಿ ಊಟ. ‘ಮಕ್ಕಳಿಗೆ ಇತಿಹಾಸ ಗೊತ್ತಾಗಬೇಕು’ ಎಂದು ಸಭೆಯಲ್ಲಿ ಭಾಷಣ ಮಾಡಿದವರು ಬಳಗದ ಅಧ್ಯಕ್ಷರಾದ ನನ್ನ ಗಂಡ ಮುಕುಂದ. ಅಧ್ಯಕ್ಷರು ಆ ಬೆಳಿಗ್ಗೆ ಗಂಟಲು ನೋವೆಂದು ಹೊದ್ದು ಮಲಗಿದ್ದರು. ವಾರದ ಐದು ದಿನ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಬ್ಯಾಂಕೊಂದರ ಚಾಕರಿ ಮಾಡಿ, ಆರನೆಯ ದಿನ ಮನೆ ಗುಡಿಸಿ, ಏಳನೆಯ ದಿನ ಕೈಯಲ್ಲಿ ಪಟ್ಟಿ ಹಿಡಿದು ಫುಟ್‌ಪಾತಿನ ಮೇಲೆ ನಿಂತವಳು ನಾನು, ವಿನುತಾ.

ಎಂಟೂವರೆಗೆ ಅಲ್ಲಿದ್ದವರು ನಾಲ್ಕೇ ಜನ. ನಾನು, ಹದಿನೈದು ವರ್ಷದ ನನ್ನ ಮಗಳು ಅದ್ವಿಕಾ, ಡ್ರೈವರ್ ಸೆಂಗ್ ಅಂಕಲ್ ಮತ್ತು ಪುಷ್ಪಾವತಿ ಆಂಟಿ. ಸೆಂಗ್ ಅಂಕಲ್ ಗುಡ್ ಮಾರ್ನಿಂಗ್ ಎನ್ನುವ ಮೊದಲೇ ಬೆರಳು ಮಡಿಚಿ ತಮ್ಮ ಕಾನೂನು ಹೇಳಿದರು. “ನೋ ಈಟಿಂಗ್. ನೋ ಡ್ರಿಂಕಿಂಗ್. ನೋ ವೆಟ್ ಅಂಬ್ರೆಲಾ. ಸೀಟ್ ಆಲ್ ನ್ಯೂ, ಲಾಸ್ಟ್ ವೀಕ್ ಓನ್ಲಿ.”

ಪುಷ್ಪಾವತಿ ಆಂಟಿಗೆ ಎಪ್ಪತ್ತೊಂಬತ್ತು. ಉಡುಪಿ ಹತ್ತಿರದ ಕಟಪಾಡಿಯವರು. ಮಗ ಪೃಥ್ವಿರಾಜ್ ಜುರಾಂಗ್ ಐಲ್ಯಾಂಡಿನಲ್ಲಿ ಎಂಜಿನಿಯರ್. ಪ್ಲಾಂಟಿನ ಶಟ್‌ಡೌನ್ ಕೆಲಸವೆಂದು ಅವನಿಗೆ ಭಾನುವಾರವೂ ರಜೆಯಿಲ್ಲ. “ಅಮ್ಮ ಮಂಗಳವಾರ ವಾಪಸ್ ಹೋಗ್ತಾರೆ ವಿನುತಾ, ಅವರು ಸಿಂಗಪುರಕ್ಕೆ ಬಂದಿದ್ದೇ ಆ ಕ್ರಾಂಜಿ ನೋಡೋಕೆ. ಪ್ಲೀಸ್, ನೀವು ಜೊತೆಗಿರಿ” ಎಂದು ಫೋನ್ ಮಾಡಿದ್ದ. ಗಂಜಿ ಹಾಕಿದ ಕಾಟನ್ ಸೀರೆ, ಕೈಯಲ್ಲೊಂದು ಬಟ್ಟೆಯ ಚೀಲ. ಆಂಟಿ ಎಂಟಕ್ಕೇ ಬಂದು ಕಟ್ಟೆಯ ಮೇಲೆ ಕೂತಿದ್ದರಂತೆ.

ಉಳಿದವರಿಗಾಗಿ ನಲವತ್ತು ನಿಮಿಷ ಕಾಯಬೇಕಾಯಿತು. ಆ ಹೊತ್ತಿನಲ್ಲಿ ಆಂಟಿ ನನಗೆ ವಿಷಯ ಹೇಳಿದರು.

“ನನ್ನ ಅಮ್ಮನ ತಮ್ಮ, ಉಗ್ಗಪ್ಪ ಮಾಮ. ನಾನು ಹುಟ್ಟುವ ಮೊದ್ಲೇ ಮಿಲಿಟರಿಗೆ ಸೇರಿ ಇಲ್ಲಿಗೆ ಬಂದದ್ದು. ಆಸ್ಪತ್ರೆ ಕೆಲ್ಸ, ಗಾಯ ಆದವರನ್ನು ಎತ್ತುದು. ಇಪ್ಪತ್ತೆರಡು ವರ್ಷ ಅವನಿಗೆ. ಸಿಂಗಪುರ ಜಪಾನಿನವರ ಕೈಗೆ ಬಿದ್ದ ಮೇಲೆ ‘ಕಾಣೆ ಆಗಿದ್ದಾನೆ’ ಅಂತ ಒಂದು ಕಾಗದ ಬಂತು. ಸತ್ತ ಅಂತ ಬರ್ಲಿಲ್ಲ, ಇದ್ದಾನೆ ಅಂತಲೂ ಬರ್ಲಿಲ್ಲ.”

“ಅಯ್ಯೋ. ಆಮೇಲೆ?”

“ಆಮೇಲೆ ಎಂತ? ಅಮ್ಮ ದಿನಾ ಸಂಜೆ ಹಂಡೆಗೆ ಬೆಂಕಿ ಹಾಕ್ಲಿಕ್ಕೆ ಸುರು ಮಾಡಿದ್ರು. ಅಷ್ಟು ದೂರದಿಂದ ಹಡಗಲ್ಲಿ ಬರುವವ, ಬಂದ ಕೂಡ್ಲೇ ಮೀಯ್ಲಿಕ್ಕೆ ಬಿಸಿನೀರು ಬೇಕಲ್ಲ ಅಂತ. ಸಾಯುವವರೆಗೆ ಹಾಕಿದ್ರು. ಸಾಯುವಾಗ ನನ್ನ ಹತ್ರ, ತಂಗಿ ವಾರಿಜನ ಹತ್ರ ಒಂದೇ ಮಾತು ಹೇಳಿದ್ದು. ಕಣ್ಣಲ್ಲಿ ನೋಡದೆ ಅವನಿಗೆ ಮೀಯ್ಬೇಡಿ. ಇರುವವನಿಗೆ ಮಿಂದ್ರೆ ನಾವೇ ಕೊಂದ ಹಾಗೆ.”

ಸಾವಿನ ಸುದ್ದಿ ಬಂದರೆ ಮನೆಮಂದಿಯೆಲ್ಲ ತಲೆಗೆ ನೀರು ಹೊಯ್ದುಕೊಳ್ಳುವ ಆ ಸ್ನಾನದ ಮಾತು. ನಮ್ಮಲ್ಲೂ ಉಂಟು.

“ಒಂದೋ ಅವ ಬಂದು ಮೀಯ್ಬೇಕಿತ್ತು, ಇಲ್ಲಾ ಅವ ಹೋದ ಅಂತ ನಾವು ಮೀಯ್ಬೇಕಿತ್ತು. ಎರಡೂ ಆಗ್ಲಿಲ್ಲ ನೋಡು. ಈಗ ಹಂಡೆ ಇಲ್ಲ, ಗೀಸರ್ ಉಂಟು. ಸಂಜೆ ಆರಕ್ಕೆ ಸ್ವಿಚ್ ಹಾಕ್ತೇವೆ. ನಾನಿಲ್ಲದಿದ್ರೆ ವಾರಿಜ ಹಾಕ್ತಾಳೆ. ಮರುಳು ಅಂತ ನನ್ನ ಮಗನೇ ಹೇಳ್ತಾನೆ. ಹೇಳ್ಲಿ. ಆ ಕ್ರಾಂಜಿಯ ಗೋಡೆಯಲ್ಲಿ ಅವನ ಹೆಸರು ಉಂಟಾ ಇಲ್ವಾ, ಒಮ್ಮೆ ನೋಡಿದ್ರೆ ಸಾಕು ನಂಗೆ. ನೀನು ಹುಡುಕಿ ಇಟ್ಟಿದ್ದೀ ಅಂತ ಪೃಥ್ವಿ ಹೇಳಿದ.”

ಪೃಥ್ವಿರಾಜ್ ಮೂರು ವಾರದ ಹಿಂದೆಯೇ ಹೆಸರು, ಊರು, ದಳ ಎಲ್ಲ ಬರೆದು ಕಳಿಸಿದ್ದ. ‘ನಾನು ನೋಡಿಡ್ತೀನಿ’ ಎಂದು ಒಂದು ಹೃದಯದ ಚಿತ್ರವನ್ನೂ ಹಾಕಿ ಉತ್ತರಿಸಿದ್ದೆ. ಊಟದ ಲೆಕ್ಕ, ಬಸ್ಸಿನ ಬುಕಿಂಗ್, ಯಾರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ ಎಂಬ ಪಟ್ಟಿ ಎಲ್ಲ ಮಾಡಿದ್ದೆ. ಅದೊಂದನ್ನು ಮಾಡಿರಲಿಲ್ಲ. “ಅಲ್ಲಿ ಹೋದಮೇಲೆ ನೋಡೋಣ ಆಂಟಿ, ಒಂದೂವರೆ ಗಂಟೆ ಟೈಮ್ ಇಟ್ಟಿದೀನಿ” ಎಂದು ತೇಲಿಸಿದೆ.

ಒಂಬತ್ತು ಹತ್ತಕ್ಕೆ ಕೊನೆಯ ಸಂಸಾರ ಬಂದು ಹತ್ತಿತು. ಅವರು ಬಸ್ಸಿನ ಎದುರಿಗಿದ್ದ ಅಪಾರ್ಟ್‌ಮೆಂಟಿನವರೇ. ಅದನ್ನು ಹೇಳಿ ನಾನು ಯಾಕೆ ರಕ್ತದೊತ್ತಡ ಏರಿಸಿಕೊಳ್ಳಲಿ.

ಚಾಂಗಿಯಲ್ಲಿ ಒಂದು ಗಂಟೆ ನಿಂತೆವು. ಅದರಲ್ಲಿ ಅರ್ಧ ಗಂಟೆ ಟಾಯ್ಲೆಟ್ಟಿಗೆ ಹೋಯಿತು, ಹತ್ತು ನಿಮಿಷ ಗ್ರೂಪ್ ಫೋಟೋಗೆ. ಇತಿಹಾಸಕ್ಕೆ ಉಳಿದದ್ದು ಇಪ್ಪತ್ತು ನಿಮಿಷ. ಮತ್ತೆ ಬಸ್ ಹತ್ತಿ ಉತ್ತರಕ್ಕೆ ಹೊರಟಾಗ ನಾನು ಮೈಕ್ ಹಿಡಿದು ಕ್ರಾಂಜಿಯ ಬಗ್ಗೆ ಹೇಳತೊಡಗಿದೆ. ಸಾವಿರಾರು ಸಮಾಧಿಗಳಿವೆ, ಹೆಣವೂ ಸಿಗದವರ ಹೆಸರನ್ನು ಗೋಡೆಗಳ ಮೇಲೆ ಕೆತ್ತಿದ್ದಾರೆ, ಅದರಲ್ಲಿ ನಮ್ಮ ದೇಶದವರೂ ಬೇಕಾದಷ್ಟಿದ್ದಾರೆ ಎಂದೆಲ್ಲ. ಆಗ ಮೂರನೇ ಸಾಲಿನಿಂದ ಒಂದು ಕೈ ಮೇಲೆದ್ದಿತು. ಕೈಯಲ್ಲಿ ನಾನೇ ಪ್ರಿಂಟ್ ಮಾಡಿ ಹಂಚಿದ್ದ ಹಾಳೆ. ನಾಗಮಣಿ ಆಂಟಿ.

ನಾಗಮಣಿ ಆಂಟಿ ಮೈಸೂರಿನವರು, ಇಲ್ಲಿ ಮಗನ ಮನೆಯಲ್ಲಿದ್ದಾರೆ. ಯಾವ ತಿಥಿಯಲ್ಲಿ ಏನು ತಿನ್ನಬಾರದು, ಯಾವ ದಿಕ್ಕಿಗೆ ತಲೆ ಹಾಕಬಾರದು ಎಂಬುದಕ್ಕೆಲ್ಲ ಬಳಗದಲ್ಲಿ ಅವರೇ ಹೈಕೋರ್ಟು.

“ವಿನುತಾ, ಇದೇನಮ್ಮ ಬರ್ದಿರೋದು? ಹನ್ನೊಂದಕ್ಕೆ ಸ್ಮಶಾನ, ಹನ್ನೆರಡೂವರೆಗೆ ಊಟ?”

“ಸ್ಮಶಾನ ಅಲ್ಲ ಆಂಟಿ, ವಾರ್ ಮೆಮೋರಿಯಲ್.”

“ಅಲ್ಲಿ ಹೆಣ ಹೂತಿದಾರೋ ಇಲ್ವೋ?”

“ಹೂತಿದಾರೆ. ಆದ್ರೆ...”

“ಹಾಗಾದ್ರೆ ಸ್ಮಶಾನ. ಮಧ್ಯ ಸ್ನಾನ ಎಲ್ಲಿಟ್ಟಿದೀಯ?”

ಟಾಯ್ಲೆಟ್ ಬ್ರೇಕ್ ಎರಡು ಕಡೆ ಇಟ್ಟಿದ್ದೆ. ಸಕ್ಕರೆ ಕಾಯಿಲೆಯವರಿಗೆ ಬಿಸ್ಕತ್ತು ಇಟ್ಟಿದ್ದೆ. ಸ್ನಾನ ಇಟ್ಟಿರಲಿಲ್ಲ. ಗೊತ್ತಿಲ್ಲದ ವಿಷಯವೇ? ಮಲ್ಲೇಶ್ವರದ ನಮ್ಮ ಮನೆಯಲ್ಲಿ ಅಪ್ಪ ಸ್ಮಶಾನಕ್ಕೆ ಹೋಗಿ ಯಾರನ್ನಾದರೂ ಕಳಿಸಿ ಬಂದರೆ ಹಿತ್ತಲ ಬಾಗಿಲಲ್ಲಿ ನಿಂತು ‘ನೀರು’ ಎಂದು ಕೂಗುತ್ತಿದ್ದರು. ಬಕೆಟ್ ತಂದಿಡುತ್ತಿದ್ದವಳೇ ನಾನು. ಇಪ್ಪತ್ತು ವರ್ಷ ಈ ಊರಿನ ಎಸಿಯಲ್ಲಿ ಕೂತು ತಲೆಯೂ ತಣ್ಣಗಾಗಿಬಿಟ್ಟಿದೆ.

ಅಲ್ಲಿಂದ ಶುರುವಾಯಿತು ನೋಡಿ. ಎಂಬತ್ತು ವರ್ಷದ ಹಿಂದಿನ ಹೆಣಕ್ಕೆ ಮೈಲಿಗೆ ಇಲ್ಲ ಎಂದರು ಒಬ್ಬರು. ಮೈಲಿಗೆಗೆ ಎಕ್ಸ್‌ಪೈರಿ ಡೇಟ್ ಇರುತ್ತಾ ಎಂದರು ಇನ್ನೊಬ್ಬರು. ಒಳಗೆ ಹೋಗದೆ ಗೇಟಿನಿಂದಲೇ ಕೈ ಮುಗಿದರೆ ಬರೀ ಕಾಲು ತೊಳೆದರೆ ಸಾಕು ಎಂದು ಹಿಂದಿನ ಸೀಟಿನಿಂದ ತಿದ್ದುಪಡಿ ಬಂತು. ಒದ್ದೆ ಟಿಶ್ಯೂನಿಂದ ಒರೆಸಿಕೊಂಡರೆ ಆಗದೇ ಎಂದು ನಾನು ಬಾಯಿ ತಪ್ಪಿ ಕೇಳಿದೆ. ನಾಗಮಣಿ ಆಂಟಿ ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ಯಾರೋ ಗ್ರೂಪಿನಲ್ಲಿ ಪೋಲ್ ಹಾಕಿದರು. ಸ್ನಾನವಾಗದೆ ಊಟವಿಲ್ಲ ಎಂದವರು ಹದಿನೆಂಟು, ಪರವಾಗಿಲ್ಲ ಎಂದವರು ಹದಿನೆಂಟು. ನಾನು ಓಟು ಹಾಕಲಿಲ್ಲ. ಪುಷ್ಪಾವತಿ ಆಂಟಿಯ ಹತ್ತಿರ ಗುಂಡಿ ಒತ್ತುವ ಹಳೇ ಫೋನು.

ಈ ಗಲಾಟೆಗೆ ಸೆಂಗ್ ಅಂಕಲ್ ಕನ್ನಡಿಯಲ್ಲಿ ನೋಡಿ ಏನಾಯಿತೆಂದು ಕೇಳಿದರು. ನಗಬಹುದೆಂದುಕೊಂಡೇ ವಿವರಿಸಿದೆ. ಅವರು ನಗಲಿಲ್ಲ. “ಆಫ್ಟರ್ ಸಿಮೆಟ್ರಿ ಮಸ್ಟ್ ವಾಶ್, ಲಾ. ಮೈ ಮದರ್ ಪುಟ್ ಫ್ಲವರ್ ಇನ್ ದ ವಾಟರ್. ಮೀ, ಐ ನೆವರ್ ಗೋ ಇನ್ಸೈಡ್. ಪಾರ್ಕ್ ಔಟ್‌ಸೈಡ್ ಓನ್ಲಿ.”

“ನೋಡ್ದ್ಯಾ! ಚೀನಾದವರಿಗೂ ಗೊತ್ತು! ಮಲ್ಲೇಶ್ವರದವರಿಗೆ ಗೊತ್ತಿಲ್ಲ!” ಎಂದರು ನಾಗಮಣಿ ಆಂಟಿ. ಅವರ ಮುಖದಲ್ಲಿ ಗೆದ್ದ ಕಳೆ ನೋಡಬೇಕಿತ್ತು.

ಕೊನೆಗೆ ಪ್ರೋಗ್ರಾಮ್ ತಲೆಕೆಳಗು ಮಾಡಿದೆ. ಮೊದಲು ಊಟ, ಆಮೇಲೆ ಸ್ಮಾರಕ, ಅಲ್ಲಿಂದ ಸೀದಾ ಅವರವರ ಮನೆ, ಅವರವರ ಬಾತ್‌ರೂಮು. ಎಲ್ಲರೂ ಚಪ್ಪಾಳೆ ತಟ್ಟಿದರು. ಪುಷ್ಪಾವತಿ ಆಂಟಿ ಮಾತ್ರ ನನ್ನ ತೋಳು ಮುಟ್ಟಿ, “ಹೊತ್ತು ಸಾಕಾಗ್ತದಲ್ಲ ಮಗಾ?” ಎಂದರು. ಎರಡು ಗಂಟೆಗೆ ಸೆಂಗ್ ಅಂಕಲ್ ಕ್ರಾಂಜಿ ಬಿಡಲೇಬೇಕಿತ್ತು, ಅವರಿಗೆ ಬೇರೊಂದು ಟ್ರಿಪ್ ಇತ್ತು. “ಆರಾಮಾಗಿ ಆಗುತ್ತೆ ಆಂಟಿ” ಎಂದೆ.

ಎಲ್ಲಿ ಆಗುತ್ತದೆ? ತೋಟದವರು ಹನ್ನೆರಡೂವರೆಗೆಂದು ಅಡುಗೆ ಇಟ್ಟವರು, ನಾವು ಹನ್ನೊಂದೂ ಕಾಲಿಗೆ ಹೋಗಿ ನಿಂತರೆ ಏನು ಮಾಡಿಯಾರು? ಹನ್ನೆರಡರವರೆಗೆ ಕಾದೆವು. ನಮ್ಮವರು ಮೀನಿನ ಕೊಳ ನೋಡಿದರು, ಬಾಳೆಗೊನೆ ಅಪ್ಪಿಕೊಂಡು ಫೋಟೋ ತೆಗೆಸಿಕೊಂಡರು, ಕೂತು ಎರಡೆರಡು ಸಲ ಬಡಿಸಿಕೊಂಡರು. ಗೋಡೆಯ ಗಡಿಯಾರ ನೋಡುತ್ತಿದ್ದವರು ನಾವಿಬ್ಬರೇ. ಆಂಟಿ ತಟ್ಟೆಯನ್ನೇ ಮುಟ್ಟಲಿಲ್ಲ.

“ಆಂಟಿ, ನಿಮಗೆ ಶುಗರ್ ಇದೆ. ತಿನ್ನಿ, ಪ್ಲೀಸ್.”

“ಅದನ್ನೊಂದು ನೋಡಿ ಬಂದು ಉಣ್ತೇನೆ. ಈಗ ಗಂಟಲಲ್ಲಿ ಇಳಿಯುದಿಲ್ಲ ಮಾರಾಯ್ತಿ.”

ಒಬ್ಬರು ಸ್ನಾನವಿಲ್ಲದೆ ಉಣ್ಣುವುದಿಲ್ಲ, ಒಬ್ಬರು ನೋಡದೆ ಉಣ್ಣುವುದಿಲ್ಲ. ಸಿಟ್ಟು ನೆತ್ತಿಗೇರಿತು. ಒಂದು ಡಬ್ಬಿಗೆ ಮೊಸರನ್ನ ಹಾಕಿಸಿಕೊಂಡು ಬ್ಯಾಗಿನಲ್ಲಿ ತುರುಕಿದೆ.

ಕ್ರಾಂಜಿಯ ಗೇಟಿಗೆ ಬಂದಾಗ ಒಂದು ಗಂಟೆ ಹದಿನೈದು ನಿಮಿಷ. ಮೋಡ ಕಟ್ಟಿತ್ತು, ಸೆಕೆ ಅಂದರೆ ಸೆಕೆ. ಹಸಿರು ಗುಡ್ಡದ ಮೇಲೆ ಬಿಳಿ ಕಲ್ಲುಗಳ ಸಾಲು, ನೆತ್ತಿಯಲ್ಲಿ ಹೆಸರುಗಳ ಗೋಡೆಗಳು. ನಲವತ್ತು ಮೆಟ್ಟಿಲು ಹತ್ತಲು ಆಂಟಿಗೆ ಹತ್ತು ನಿಮಿಷ ಬೇಕಾಯಿತು. ಹೆಸರುಗಳ ರಿಜಿಸ್ಟರ್ ಇಟ್ಟ ಪೆಟ್ಟಿಗೆಯ ಎದುರು ನಿಂತು ಕಾಣೆಯಾದವರ ಸಂಪುಟ ತೆರೆದೆ. ಬೆರಳಿಗೆ ಬೆವರು, ಹಾಳೆಗೆ ಹಾಳೆ ಅಂಟುತ್ತಿತ್ತು.

ಉಗ್ಗಪ್ಪ ಇರಲಿಲ್ಲ. ಮತ್ತೊಮ್ಮೆ ನೋಡಿದೆ. ಊರು ಕಟಪಾಡಿ ಎಂದಿರುವ ಯಾರೂ ಇರಲಿಲ್ಲ. ಭಾರತದ ಆಸ್ಪತ್ರೆ ದಳದ ಹೆಸರುಗಳಿದ್ದ ಗೋಡೆಗೆ ಆಂಟಿಯ ಕೈ ಹಿಡಿದುಕೊಂಡು ಹೋಗಿ ಮೇಲಿಂದ ಕೆಳಗಿನವರೆಗೆ ಓದಿದೆ. ಇರಲಿಲ್ಲ. ಆ ಹೊತ್ತಿಗೆ ಫೋನಿನಲ್ಲಿ ಒಂದರ ಹಿಂದೊಂದು ಮೆಸೇಜು: ‘ಬಸ್ ಎಷ್ಟೊತ್ತಿಗೆ?’, ‘ವಾಪಸ್ ಹೋಗ್ತಾ ಶಾಪಿಂಗ್‌ಗೆ ಮುಸ್ತಫಾ ಹತ್ರ ಇಳಿಸ್ತಾರಾ?’ ಯಾರಿಗಾದರೂ ಹೊಡೆಯಬೇಕೆನಿಸಿತು.

“ಇಲ್ವಾ?” ಎಂದರು ಆಂಟಿ.

“ಇಲ್ಲ ಆಂಟಿ.”

“ಹಾಗಾದ್ರೆ ಸತ್ತಿಲ್ವಾ?”

ಬದುಕಿದ್ದರೆ ಆ ಮನುಷ್ಯನಿಗೆ ಈಗ ನೂರಾ ಐದು ವರ್ಷ.

“ಹಾಗಾದ್ರೆ ಸ್ವಿಚ್ ಹಾಕ್ತಾ ಇರ್ಬೇಕು” ಎಂದರು, ತಮಗೇ ಹೇಳಿಕೊಂಡಂತೆ. “ನನ್ನ ಮತ್ತೆ ವಾರಿಜನ ಕಾಲ ಆದ ಮೇಲೆ ಯಾರು ಹಾಕ್ತಾರೋ.”

ಆಗ ಹಿಂದಿನಿಂದ ಅದ್ವಿಕಾ ಬಂದಳು. “ಅಮ್ಮಾ, ಯಾಕೆ ಬುಕ್ ನೋಡ್ತಿದೀಯಾ? ಎಲ್ಲಾ ಆನ್‌ಲೈನ್ ಇದೆ ಲಾ. ಟೂ ಮಿನಿಟ್ಸ್.” ಬೆನ್ನ ಮೇಲೊಂದು ಗುದ್ದುವಷ್ಟು ಸಿಟ್ಟು ಬಂತು. ಅವಳ ಮೇಲಲ್ಲ. ಮೂರು ವಾರ ನನ್ನ ಕೈಯಲ್ಲೇ ಇದ್ದ ಎರಡು ನಿಮಿಷ ಅದು.

“ಒಬ್ಬರು ಉಗ್ಗಪ್ಪ ಇದಾರೆ” ಎಂದಳು, ಫೋನಿನಿಂದ ಕಣ್ಣೆತ್ತದೆ. “ಹಾಸ್ಪಿಟಲ್ ಕೋರ್. ಜೂನ್ 1943. ಆದ್ರೆ ಈ ಗೋಡೆ ಅಲ್ಲ, ಬೇರೆ ಮೆಮೋರಿಯಲ್. ಊರು ಕಾಪು, ಸೌತ್ ಕೆನರಾ.”

“ಕಾಪು ಅಂತಿದ್ರೆ ಬೇರೆ ಯಾರೋ, ಪುಟ್ಟಿ. ಇವರು ಕಟಪಾಡಿ” ಎಂದೆ. ಒಂದೂ ನಲವತ್ತಾಗಿತ್ತು. “ಹೋಗ್ಲಿ ಬಿಡಿ ಆಂಟಿ, ಪೃಥ್ವಿಗೆ ಹೇಳಿ ನಿಧಾನಕ್ಕೆ...”

“ನಿಲ್ಲು, ನಿಲ್ಲು” ಎಂದರು ಆಂಟಿ. ನನಗಲ್ಲ, ಅದ್ವಿಕಾಗೆ. “ಅಪ್ಪನ ಹೆಸರು ಬರ್ದಿದ್ದಾರಾ ಮಗಾ?”

“ಸನ್ ಆಫ್... ಕಾಂತು.”

ಆಂಟಿ ಅಲ್ಲೇ ಗೋಡೆಗೆ ಒರಗಿದರು. ನಾನು ಹೆದರಿ ಭುಜ ಹಿಡಿದುಕೊಂಡೆ.

“ಕಾಂತು ನನ್ನ ಅಜ್ಜ, ಅಮ್ಮನ ಅಪ್ಪ. ಕಾಪು ಅವರ ಮನೆ. ನಮ್ಮದು ಅಳಿಯಕಟ್ಟು, ಮನುಷ್ಯ ತಾಯಿಮನೆಯವ, ವಿನುತಾ. ಉಗ್ಗಪ್ಪ ಮಾಮ ಕಟಪಾಡಿಯವ, ನನ್ನ ಅಮ್ಮನ ಮನೆಯವ. ಮಿಲಿಟರಿಯವರಿಗೆ ಅದು ಯಾರು ಹೇಳ್ಬೇಕು? ಅಪ್ಪ ಯಾರು, ಅಪ್ಪನ ಊರು ಯಾವ್ದು ಅಂತ ಬರ್ಕೊಂಡ್ರು. ಯುದ್ಧದ ಮಧ್ಯದಲ್ಲೇ ಅಜ್ಜ ಹೋದ್ರು. ಆಮೇಲೆ ಆ ಮನೆಗೂ ನಮಗೂ ಮಾತಿಲ್ಲ ಕತೆಯಿಲ್ಲ. ಮೊದಲ್ನೇ ಕಾಗದ ಅಜ್ಜನೇ ತಂದುಕೊಟ್ಟದ್ದಿರ್ಬೇಕು, ಸತ್ತ ಅಂತ ಎರಡನೇ ಕಾಗದ ಅಲ್ಲಿಗೆ ಹೋಗಿ ಅಲ್ಲೇ ಉಳಿದಿರ್ಬೇಕು. ಕಾಪುವಿಂದ ಕಟಪಾಡಿಗೆ ಎಷ್ಟು ದೂರ ಗೊತ್ತುಂಟಾ? ಒಂದು ಬಸ್ಸು. ಅಷ್ಟೇ.”

ಗೋಡೆಗಳ ಹಿಂದೆಯೇ ಇತ್ತು ಆ ಇನ್ನೊಂದು ಸ್ಮಾರಕ. ಎದುರಿನಿಂದ ನೋಡಿದರೆ ಕಾಣುವುದೇ ಇಲ್ಲ. ಅದ್ವಿಕಾ ಮೊದಲು ಓಡಿದಳು, “ಇಲ್ಲಿದೆ ಅಜ್ಜೀ!” ಎಂದು ಕೂಗಿದಳು. ಹುಟ್ಟಿದಾಗಿನಿಂದ ಎಲ್ಲರನ್ನೂ ಆಂಟಿ ಎಂದೇ ಕರೆದವಳು.

ಇಂಗ್ಲಿಷಿನಲ್ಲಿ ಕೆತ್ತಿದ ಏಳಕ್ಷರದ ಹೆಸರು. ಆಂಟಿಗೆ ಇಂಗ್ಲಿಷ್ ಬಾರದು. ಅದ್ವಿಕಾ ಅವರ ಬೆರಳು ಹಿಡಿದು ಅಕ್ಷರದ ಮೇಲೆ ಒಂದೊಂದಾಗಿ ಆಡಿಸಿದಳು.

“ಈ ಗೋಡೆ ಬೇರೆ ಯಾಕೆ?” ಎಂದರು ಆಂಟಿ.

ಎದುರಿಗಿದ್ದ ಬರಹ ಓದಿದೆ. “ಆಂಟಿ, ಅಲ್ಲಿರೋರು ಸಿಗದೇ ಇರೋರು. ಇಲ್ಲಿರೋರು ಸಿಕ್ಕಿದವರು. ನಮ್ಮ ಸಂಪ್ರದಾಯದ ಪ್ರಕಾರ ದಹನ ಆದವರ ಹೆಸರು ಇವು.”

“ಸುಟ್ಟಿದ್ದಾರಾ?”

“ಹೌದು.”

“ಯಾರು ಬೆಂಕಿ ಕೊಟ್ಟದ್ದು?”

“ಗೊತ್ತಿಲ್ಲ ಆಂಟಿ. ಜೊತೇಲಿದ್ದ ಕೈದಿಗಳು ಯಾರಾದ್ರೂ ಇರ್ಬೇಕು.”

“ಯಾರೋ ಒಬ್ಬ ಕೊಟ್ಟನಲ್ಲ” ಎಂದರು. “ಕಾಡಲ್ಲಿ ಹಾಗೇ ಬಿದ್ದಿದ್ದ ಅಂತ ಅಂದ್ಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ.” ಆಮೇಲೆ ಆ ಹೆಸರಿನ ಮೇಲೆ ಅಂಗೈ ಇಟ್ಟು ಅಳತೊಡಗಿದರು. ತಾವು ಹುಟ್ಟುವ ಮೊದಲೇ ಹೋದವನಿಗೆ, ಒಮ್ಮೆಯೂ ಮುಖ ನೋಡದವನಿಗೆ, ಇವತ್ತು ಬೆಳಿಗ್ಗೆ ತೀರಿಕೊಂಡವನಿಗೆ ಅತ್ತ ಹಾಗೆ ಅತ್ತರು. ನಾನೂ ಅತ್ತೆ. ನಾಚಿಕೆಗೂ ಅತ್ತೆ.

“ವಿನುತಾ! ಎಲ್ಲಮ್ಮ ಮಾಯ ಆಗ್ಬಿಟ್ಟೆ? ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಹೊಡೀತಿದಾನೆ!”

ಕೊಡೆ ಊರಿಕೊಂಡು ನಾಗಮಣಿ ಆಂಟಿ ಬರುತ್ತಿದ್ದರು. ಇವರು ಈಗ ಏನಾದರೂ ಅಂದರೆ ನಾನು ಸುಮ್ಮನಿರುವವಳಲ್ಲ ಎಂದು ಸೆರಗು ಸಿಕ್ಕಿಸುವವಳಂತೆ ದುಪಟ್ಟಾ ಬಿಗಿದುಕೊಂಡೆ. ಅವರು ಹತ್ತಿರ ಬಂದು ಅಳುತ್ತಿದ್ದವರನ್ನು ನೋಡಿದರು, ಕಲ್ಲನ್ನು ನೋಡಿದರು.

“ಇವರಿಗೆ ಏನಾಗ್ಬೇಕು?”

“ಸೋದರಮಾವ. ಸತ್ತಿದ್ದು ಇವತ್ತೇ ಗೊತ್ತಾಗ್ತಿರೋದು.”

“ಹೋಗಿದ್ದು ಯಾವಾಗ?”

“ನಲವತ್ತಮೂರರಲ್ಲಿ.”

ನಾಗಮಣಿ ಆಂಟಿ ಕೊಡೆ ಮಡಿಚಿದರು. ಅವರ ದನಿ ಇಳಿಯಿತು. “ವರ್ಷ ದಾಟಿ ಕೇಳಿದ್ರೆ ಸೂತಕ ಇಲ್ಲ ಪುಷ್ಪಾವತಿಯವರೇ. ಸ್ನಾನ ಒಂದೇ. ಉಟ್ಟ ಬಟ್ಟೇಲೇ, ತಲೆ ಮೇಲೆ. ಆದ್ರೆ ಕೇಳಿದ ಕೂಡ್ಲೇ ಆಗ್ಬೇಕು, ಮನೆಗೆ ಹೋಗಿ ಅಂತ ಇಲ್ಲ. ವಿನುತಾ, ನೀರೆಲ್ಲಿ?”

ಹುಲ್ಲಿನಂಚಿನಲ್ಲಿ ಗಿಡಗಳಿಗೆ ನೀರು ಹಾಕುವ ನಲ್ಲಿಯಿತ್ತು, ಕೆಳಗೊಂದು ಬಕೆಟ್. ಗೇಟಿನ ಬೋರ್ಡಿನಲ್ಲಿ ನಾಯಿ ತರಬಾರದು, ಹೂವು ಕೀಳಬಾರದು ಎಂದೆಲ್ಲ ಏನೇನೋ ಇತ್ತು. ಸ್ನಾನದ ಸುದ್ದಿ ಇರಲಿಲ್ಲ. ಇದ್ದಿದ್ದರೂ ಆ ಹೊತ್ತಿಗೆ ನಾನು ಕೇರ್ ಮಾಡುತ್ತಿರಲಿಲ್ಲ. ಬ್ಯಾಂಕಿನಲ್ಲಿ ಎಲ್ಲರೂ ನಿಯಮ ಪಾಲಿಸುವಂತೆ ಕಾಂಪ್ಲಯನ್ಸ್ ನೋಡಿಕೊಳ್ಳುವ ನಾನೇ ಬಕೆಟ್ ತುಂಬಿಸಿದೆ.

ಆಂಟಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಸ್ಮಾರಕದ ಕಡೆಗೆ ಮುಖ. ಮೊದಲ ಬೊಗಸೆ ತಾವೇ ಹೊಯ್ದುಕೊಂಡರು, ತುಳುವಿನಲ್ಲಿ ಏನೋ ಹೇಳುತ್ತ. ಉಗ್ಗಪ್ಪ ಎಂಬ ಹೆಸರು ಮಾತ್ರ ನನಗೆ ಗೊತ್ತಾಯಿತು. ಎರಡನೆಯ ಬೊಗಸೆ ನೆತ್ತಿ ಮುಟ್ಟುವ ಮೊದಲೇ ಚೆಲ್ಲಿಹೋಯಿತು. ನಾಗಮಣಿ ಆಂಟಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಬಕೆಟ್ ಎತ್ತಿಕೊಂಡರು, ಪೂರ್ತಿ ನೀರನ್ನು ನಿಧಾನವಾಗಿ ಅವರ ನೆತ್ತಿಗೆ ಹೊಯ್ದರು. ತಾವೂ ಅರ್ಧ ನೆನೆದರು. “ನಂದೇನು, ಮನೆಗೆ ಹೋಗಿ ಹೇಗೂ ಮಾಡ್ಲೇಬೇಕಲ್ಲ” ಎಂದರು ನನಗೆ, ಗದರುವ ದನಿಯಲ್ಲಿ. ಅವರ ಕಣ್ಣೂ ಕೆಂಪಾಗಿತ್ತು.

ಬಸ್ಸಿನ ಹತ್ತಿರ ಬಂದಾಗ ಎರಡೂ ಐದು. ಮೂವತ್ತನಾಲ್ಕು ಜನ ಒಳಗೆ ಕೂತು ಕಿಟಕಿಯಿಂದ ನೋಡುತ್ತಿದ್ದರು. ಸೆಂಗ್ ಅಂಕಲ್ ಬಾಗಿಲಲ್ಲಿ ನಿಂತಿದ್ದರು. ನೀರು ಸುರಿಯುತ್ತಿದ್ದ ಆಂಟಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನಾನು ಜಗಳಕ್ಕೇ ಸಿದ್ಧಳಾದೆ.

“ಹರ್ ಅಂಕಲ್” ಎಂದೆ. “ವಾರ್ ಟೈಮ್. ಟುಡೇ ಓನ್ಲಿ ಶೀ ಫೈಂಡ್ ಔಟ್.”

ಅವರು ಡ್ರೈವರ್ ಸೀಟಿನ ಹಿಂದಿನಿಂದ ಕಸದ ಚೀಲಗಳ ಕಟ್ಟು ತೆಗೆದು ಎರಡು ಹರಿದು, ಎದುರಿನ ಹೊಸ ಸೀಟಿನ ಮೇಲೆ ಹಾಸಿದರು. ಎಸಿಯ ತೂತು ಮುಚ್ಚಿದರು. ತಮ್ಮ ಕುತ್ತಿಗೆಯಲ್ಲಿದ್ದ ಟವೆಲ್ ಬಿಟ್ಟು ಚೀಲದಿಂದ ಒಗೆದಿಟ್ಟದ್ದೊಂದನ್ನು ತೆಗೆದು ಆಂಟಿಯ ಕೈಗಿತ್ತರು. ನಾನು ಮೊಸರನ್ನದ ಡಬ್ಬಿ ಹೊರತೆಗೆದು ಅವರ ಮುಖ ನೋಡಿದೆ. “ಆಂಟೀ ಕ್ಯಾನ್” ಎಂದರು. ಆಮೇಲೆ ಹಿಂದಿನವರಿಗೆಲ್ಲ ಕೇಳುವಂತೆ ಜೋರಾಗಿ, “ಅದರ್ಸ್ ಕೆನಾಟ್!”

ತಲೆ ಎಣಿಸಿದೆ. ಮೂವತ್ತೆಂಟು. ಯಾರೂ ಮುಸ್ತಫಾದ ಸುದ್ದಿ ಎತ್ತಲಿಲ್ಲ. ಸಂಜೆಗೆ ಖಂಡಿತ ಎತ್ತುತ್ತಾರೆ, ನನಗೆ ಗೊತ್ತು.

ಆಂಟಿ ನಾಲ್ಕು ತುತ್ತು ಉಂಡರು. ಆಮೇಲೆ ಚೀಲದಿಂದ ಫೋನ್ ತೆಗೆದು ತಂಗಿಗೆ ಕರೆ ಮಾಡಿದರು. ಕಟಪಾಡಿಯಲ್ಲಿ ಆಗ ಹನ್ನೊಂದೂ ಮುಕ್ಕಾಲು, ಇನ್ನೂ ಊಟದ ಹೊತ್ತಾಗಿರಲಿಲ್ಲ. ತುಳುವಿನಲ್ಲಿ ಎರಡೇ ಮಾತು ಹೇಳಿದರು. ಆ ಕಡೆಯಿಂದ ಒಂದು ಮುದಿ ದನಿ ಸಣ್ಣಗೆ ಏನೋ ಕೇಳಿತು, ಇವರು ಉತ್ತರ ಕೊಟ್ಟು ಫೋನ್ ಇಟ್ಟರು.

“ಏನಂದ್ರು ಆಂಟಿ?”

“ಮೀಯ್ಲಿಕ್ಕೆ ಗೀಸರ್ ಹಾಕ್ಲಾ ಅಂತ ಕೇಳಿದ್ಳು.” ಆಂಟಿ ಟವೆಲಿನಿಂದ ಮುಖ ಒರೆಸಿಕೊಂಡರು. “ಬೇಡ ಅಂದೆ. ಈ ಸ್ನಾನಕ್ಕೆ ತಣ್ಣೀರು. ಸಂಜೆಯೂ ಇನ್ನು ಹಾಕ್ಬೇಡ ಅಂದೆ.”